ಪ್ರಮೀಳಾ ಸಾಕು ಅಂದದ್ದು

ನನ್ನ ಅಕ್ಕೋರಿಗೆ,

ನೀವು ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ಸೊಲ್ಲಾಪುರದ ನಿಮ್ಮ ಮನೆಯ ಹಿಂದಿನ ಕೋಣೆಯನ್ನು ದಿನಾ ನಾನೇ ತೆಗೆಯುತ್ತೇನೆ, ಯಾವ ಸಾಲೆಯೂ ಸೇರಿಸಿಕೊಳ್ಳದ ಮಕ್ಕಳು ಈಗಲೂ ಬರುತ್ತಾರೆ. ಅದನ್ನು ಹೇಳಲು ಬರೆಯುತ್ತಿಲ್ಲ. ನಮ್ಮ ಪ್ರಮೀಳಾಳ ಮದುವೆಯಾಯಿತು. ಹೌದು, ಅದೇ ಪ್ರಮೀಳಾ. ಅಕ್ಕಲಕೋಟೆಗೆ ಕೊಟ್ಟಿದ್ದಾರೆ. ಬೇರೆ ಯಾರಿಗೆ ಹೇಳಿದರೂ "ಭಾಳ ಚಲೋ ಆತು ಬಿಡ್ರಿ" ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ಮೈ ಉರಿದು ನಿಮಗೆ ಬರೆಯಲು ಕೂತಿದ್ದೇನೆ.

ಚಾದರ ವ್ಯಾಪಾರಿ ಚನ್ನಪ್ಪಶೆಟ್ಟರು ಮತ್ತು ನೀಲವ್ವ ಮಗಳನ್ನು ಮೊದಲ ಸಲ ಕರೆತಂದ ದಿನ ನೆನಪಿದೆಯೇ? ಆಗಿನ್ನೂ ಲಂಗ ತೊಡುವ ಹುಡುಗಿ. ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಸದ್ದು ಹೆಚ್ಚಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ತಾಯಿತ, ಹರಕೆ ಎಲ್ಲ ಮುಗಿದಿತ್ತು. ಪುಣೆಯ ಡಾಕ್ಟರು ಆಟಿಸಂ ಅಂದಿದ್ದರಂತೆ, ಅದು ಜ್ವರವೋ ಗಾಳಿಯೋ ಇವರಿಗೇನು ಗೊತ್ತು. "ಒಂದ ಸಲ ಅವ್ವಾ ಅನ್ನಿಸಿ ಕೊಡ್ರಿ ಅಕ್ಕೋರ," ಎಂದು ನೀಲವ್ವ ಅತ್ತರು. ನೀವು, "ಆಕಿನ್ನ ಮಾತಾಡ್ಸಾಕ ಕುಂತಿಲ್ಲವ್ವಾ ನಾವು. ಆಕಿ ಏನ ಹೇಳಾಕತ್ತಾಳ ಅಂತ ತಿಳ್ಕೊಳ್ಳಾಕ ಕುಂತೀವಿ," ಅಂದಿರಿ. ಇವರು ಇನ್ನು ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಮರುದಿನವೇ ಬಂದರು.

ಮಗ್ಗದವರಿಂದ ತರಿಸಿದ ಸಿಕ್ಕುನೂಲಿನ ರಾಶಿ ಕಣ್ಣ ಮುಂದೆ ಬರುತ್ತದೆ. ಅವಳು ಒಂದು ಮೂಲೆಯಲ್ಲಿ ಸಿಕ್ಕು ಬಿಡಿಸುತ್ತಿದ್ದಳು, ನೀವು ಸ್ವಲ್ಪ ದೂರದಲ್ಲಿ, ಅವಳತ್ತ ನೋಡದೆ, ನಿಮ್ಮದೊಂದು ಸಿಕ್ಕು ಬಿಡಿಸುತ್ತಿದ್ದಿರಿ. ತಿಂಗಳುಗಟ್ಟಲೆ ಅಷ್ಟೇ. ಇದೆಂಥ ಚಿಕಿತ್ಸೆ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ಒಂದು ದಿನ ಬೀದಿಯಲ್ಲಿ ಬ್ಯಾಂಡು ಬಂದಾಗ ಅವಳು ನಿಮ್ಮ ಪಕ್ಕಕ್ಕೆ ಸರಿದು ನಿಮ್ಮ ಸೆರಗನ್ನು ಎಳೆದು ತನ್ನ ತಲೆಯ ಮೇಲೆ ಹೊದ್ದುಕೊಂಡಳು. ನೀವು ತಕ್ಷಣ ಕಿಟಕಿ ಹಾಕಿಸಿದಿರಿ, ಎಲ್ಲರನ್ನೂ ಸುಮ್ಮನಾಗಿಸಿದಿರಿ. ಅಂದಿನಿಂದ ಅದೇ ಕಾಯಿದೆಯಾಯಿತು. ಅವಳು ಸೀರೆ ಉಡುವ ವಯಸ್ಸಿಗೆ ಬಂದಾಗ ತನ್ನದೇ ಸೆರಗು. ಸೆರಗು ತಲೆಗೇರಿತೆಂದರೆ ಸಾಕು ಎಂದರ್ಥ, ನಡೆಯುತ್ತಿದ್ದುದೆಲ್ಲ ನಿಲ್ಲಬೇಕು. ಗೋಡೆಗೆ ಚಚ್ಚಿಕೊಳ್ಳುವುದು ತಾನಾಗಿ ನಿಂತಿತು. "ಇರೂದು ಒಂದ ಮಾತು ಗಂಗೂ, ಆದ್ರ ಅದು ಆಕೀದು," ಅಂದಿದ್ದಿರಿ. ಎಷ್ಟು ಹಿಗ್ಗಿದ್ದಿರಿ ಅಂದು!

ಹೆಣ್ಣು ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಹುಡುಗಿ ಗಾಬರಿಯಾಗದಂತೆ ಪಕ್ಕದಲ್ಲಿ ಕೂರಿ ಎಂದು ನೀಲವ್ವ ಕರೆಸಿದ್ದರು. ಗಂಡಿನವರಿಗೆ ಎಲ್ಲ ಹೇಳಿದ್ದೇವೆ ಅಂದಿದ್ದರು. ಹೇಳಿದ್ದು ಇಷ್ಟೇ: ಹುಡುಗಿಗೆ ಮಾತು ಕಡಿಮೆ. ಪಡಸಾಲೆ ತುಂಬ ಜನ, ಚಹಾದ ಕಪ್ಪು-ಬಸಿಗಳ ಸದ್ದು, ಎಲ್ಲರೂ ಒಮ್ಮೆಲೇ ಮಾತು. ಪ್ರಮೀಳಾ ತಲೆ ತಗ್ಗಿಸಿ ಕೂತಿದ್ದಳು. ಯಾರನ್ನೂ ನೋಡಲಿಲ್ಲ, ಹೆಸರು ಕೇಳಿದರೆ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡಿನ ಸೋದರಮಾವ ತೊಡೆ ತಟ್ಟಿ, "ಏನ್ ಮರ್ಯಾದಿ, ಏನ್ ಸಂಸ್ಕಾರ! ಈಗಿನ ಕಾಲದಾಗ ಎಲ್ಲಿ ಸಿಗ್ತಾವ್ರಿ ಇಂಥಾ ಹುಡಿಗ್ಯಾರು?" ಅಂದ. ನಾನು ಎದ್ದು ನಿಂತು, "ನಿಂದರ್ರಿ, ಆಕಿಗೆ ಸಾಕಾಗೇದ, ಒಳಗ ಕಳಸ್ರಿ," ಅಂದೆ. ಎಲ್ಲರೂ ನಕ್ಕರು. "ನಾಚ್ಕೊಂಡಾಳ್ರಿ, ನಾಚ್ಕೊಳ್ಳಲಿ," ಅಂದಳು ಯಾವಳೋ ಒಬ್ಬಳು. ಸಂಬಂಧ ಕುದುರಿತೆಂದು ಅಲ್ಲೇ ಸಕ್ಕರೆ ಹಂಚಿದರು.

ಮರುದಿನ ಶೆಟ್ಟರ ಅಂಗಡಿಗೆ ಹೋಗಿ ಜಗಳವಾಡಿದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಅವರು ಎಲ್ಲ ಕೇಳಿಸಿಕೊಂಡರು. "ನಾನೂ ನೀಲವ್ವನೂ ಸತ್ತ ಮ್ಯಾಲ ಆಕೀ ಕಾಳಜಿ ಯಾರ ಮಾಡ್ತಾರ್ರಿ? ನಿಮ್ಮ ಅಕ್ಕೋರು ಇರ್ತಾರ ಅಂತ ತಿಳಿದಿದ್ವಿ. ಅವರೂ ಹೋದ್ರು," ಅಂದರು. ಅಂದು ನಿಮ್ಮ ಮೇಲೆ ಬಂದಷ್ಟು ಸಿಟ್ಟು ಶೆಟ್ಟರ ಮೇಲೂ ಬರಲಿಲ್ಲ. ಅಷ್ಟು ಅವಸರ ಏನಿತ್ತು ನಿಮಗೆ? ನೀವು ಇದ್ದಿದ್ದರೆ...

ಮೊದಲ ಸಲ ಅಕ್ಕಲಕೋಟೆಗೆ ಹೋದದ್ದು ಒಂದು ಗುರುವಾರ, ಬಸ್ಸಿನ ತುಂಬ ಅಲ್ಲಿನ ಸ್ವಾಮಿಗಳ ಮಠಕ್ಕೆ ಹೊರಟ ಜನ. ಗಂಡನ ಮನೆಯವರದು ಮಠದ ದಾರಿಯಲ್ಲೇ ಕಾಯಿ-ಪೇಡೆಯ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಭಜನೆ, ಗಂಟೆ, ಟಾಂಗಾದವರ ಕೂಗು. ಅತ್ತೆ ಕೆಟ್ಟವರಲ್ಲ, ಅದೇ ದೊಡ್ಡ ತೊಂದರೆ. ಬೈಯಲು ಒಬ್ಬರಾದರೂ ಸಿಗಬೇಕಲ್ಲ. "ಎಷ್ಟ ಶಾಣ್ಯಾಕಿ ನೋಡ್ರಿ ನಮ್ಮ ಸೊಸಿ, ಮುಂಜಾನಿಂದ ರಾತ್ರಿ ತನಕಾ ತಲಿ ಮ್ಯಾಲಿನ ಸೆರಗ ತಗಿಯೂದಿಲ್ಲ," ಎಂದು ಹೆಮ್ಮೆಯಿಂದ ತೋರಿಸಿದರು. ಅಡುಗೆಮನೆಯ ಬಾಗಿಲಲ್ಲಿ ಅವಳು ಹಾಗೇ ಕೂತಿದ್ದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ: ಅದು ಮರ್ಯಾದೆಯಲ್ಲ, ಬೇಡ, ಸಾಕು, ನಿಲ್ಲಿಸಿ ಎಂದು ಅವಳು ದಿನವಿಡೀ ಹೇಳುತ್ತಿದ್ದಾಳೆ ಎಂದು. ಅತ್ತೆ ನನ್ನ ಕೈ ಹಿಡಿದು, "ತಂಗೀ, ಮದಿವ್ಯಾಗಿ ಬಂದಾಗ ನನಗೂ ಸಾಕ ಸಾಕ ಅನಿಸಿತ್ತು. ಯಾರ ಕೇಳಿದ್ರು? ಎಲ್ಲಾ ರೂಢಿ ಆಗ್ತದ," ಅಂದರು.

ಕಳೆದ ಗುರುವಾರ ಮತ್ತೆ ಹೋಗಿದ್ದೆ. ಪ್ರಮೀಳಾ ಅಂಗಡಿಯಲ್ಲೇ ಕೂತಿದ್ದಳು, ಆ ಗದ್ದಲದ ನಟ್ಟನಡುವೆ, ಬರಿತಲೆಯಲ್ಲಿ. ಪಕ್ಕದಲ್ಲೇ ಬ್ಯಾಂಡು ಹಾದುಹೋಯಿತು. ಅವಳ ಮೈ ಸೆಟೆಯಿತು, ಕೈ ಮಾತ್ರ ಏಳಲಿಲ್ಲ. ನಾನೇ ಸೆರಗಿನ ತುದಿಯನ್ನು ಅವಳ ಬೆರಳಿಗೆ ಕೊಟ್ಟೆ, ಹಿಡಿಯಲಿಲ್ಲ. "ನೋಡ್ರಿ, ನಾ ಹೇಳಿರಲಿಲ್ಲೇನು? ಈಗ ಹೊಂದ್ಕೊಂಡಾಳ," ಅಂದರು ಅತ್ತೆ, ನಗುನಗುತ್ತಾ. ನನ್ನ ಕೈಗೆ ಪೇಡೆ ಇಟ್ಟರು.

ಮುಂದಿನ ಗುರುವಾರವೂ ಹೋಗುತ್ತೇನೆ, ಅದರ ಮುಂದಿನ ಗುರುವಾರವೂ. ಅವಳ ಪಕ್ಕ ಕೂತು ಬರುತ್ತೇನೆ. ಏನಾದರೂ ಆದೀತೆಂದು ಮಾತ್ರ ನನ್ನಿಂದ ಹೇಳಿಸಬೇಡಿ, ನನಗೆ ಹಾಗೆ ಅನ್ನಿಸುತ್ತಿಲ್ಲ. ಬೀಗರು ಸಂತೋಷವಾಗಿದ್ದಾರೆ, ಶೆಟ್ಟರು ಈಗ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರಂತೆ. ಅವಳು ಹೊಂದಿಕೊಂಡಿಲ್ಲ ಅಕ್ಕೋರೆ. ಅಷ್ಟು ದಿನ ಹೇಳಿದರೂ ಯಾರೂ ನಿಲ್ಲಿಸಲಿಲ್ಲ, ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದಾಳೆ.

ನಿಮ್ಮ
ಗಂಗೂ