ಕ್ಲೇರಳ ಕೆಂಪು ದೀಪ

ಮಾಂಟ್ರಿಯಲ್
14 ಮಾರ್ಚ್ 1984

ಪ್ರೀತಿಯ ಎಜ್ರಾ,

ಹೇಗಿದ್ದೀಯಪ್ಪಾ? ನೀನು ಕೆಲಸ ಮಾಡುವ ಅಣೆಕಟ್ಟಿನ ಕಡೆ ಚಳಿ ಸ್ವಲ್ಪವಾದರೂ ಇಳಿಯಿತೇ? ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನೀನು 'ಹೂಂ, ಸರಿ, ಆಯ್ತು' ಅಂದು ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯೆಂಬ ಆಸೆ.

ನಿನ್ನ ಮಗಳು ನೊಎಮಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಹೀಬ್ರೂ ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದ ಉತ್ಸಾಹದಲ್ಲೇ ಫ್ರೆಂಚನ್ನೂ ಬಲದಿಂದ ಶುರುಮಾಡುತ್ತಾಳೆ. ಶಾಲೆಯಲ್ಲಿ ನಾನು ಅವಳಿಗೆ ಟೀಚರ್, ಗೇಟು ದಾಟಿದ ಮೇಲೆ ಅಜ್ಜಿ. "ಟೀಚರ್, ನಿಮ್ಮನೇಲಿ ಇವತ್ತು ಏನಡುಗೆ?" ಅಂತ ಎಲ್ಲರೆದುರು ಕೇಳುತ್ತಾಳೆ, ಕಳ್ಳಿ!

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ಒಂದು ಶುಕ್ರವಾರ ನನ್ನ ಶಿಶುವಿಹಾರದಲ್ಲಿ 'ಸಬ್ಬತ್ತಿನ ಅಮ್ಮ' ಆಗಿ ವಾರದ ದೀಪ ಹಚ್ಚುವ ಸರದಿ ಅವಳದು. ಚಿಕ್ಕವನಿದ್ದಾಗ ನೀನು ಸಬ್ಬತ್ತಿನ ಅಪ್ಪನಾದ ದಿನ ದ್ರಾಕ್ಷಿರಸವನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡದ್ದು ನನಗಿನ್ನೂ ನೆನಪಿದೆ. ಅಮ್ಮನಾಗುವ ಹುಡುಗಿ ತನ್ನ ತಾಯಿ ಹಚ್ಚುವ ದೀಪ ತರಬೇಕಲ್ಲ, ನಾನು ನನ್ನ ಹಿತ್ತಾಳೆ ದೀಪಗಳನ್ನು ತಿಕ್ಕಿ ಅವಳ ಚೀಲದ ಪಕ್ಕ ಇಟ್ಟಿದ್ದೆ. ಅವಳು ಅವನ್ನು ಮುಟ್ಟಿಯೇ ಇರಲಿಲ್ಲ. ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಚೀಲದಿಂದ ಕ್ಲೇರಳ ಕೆಂಪು ಗಾಜಿನ ದೀಪ ತೆಗೆದಳು. ಕ್ರಿಸ್ಮಸ್ಸಿಗೆ ಕ್ಲೇರ್ ಕಿಟಕಿಯಲ್ಲಿ ಹಚ್ಚುತ್ತಿದ್ದಳಲ್ಲ, ದೇವದೂತನ ಚಿತ್ರದ್ದು, ಅದೇ.

"ಇದು ನಮ್ಮಮ್ಮನ ದೀಪ," ಅಂತ ಮೇಜಿನ ಮೇಲಿಟ್ಟಳು.

ಮಕ್ಕಳನ್ನು ಹರಸಲು ಬಂದ ರಬ್ಬಿ ಗೆಲ್ಬರ್ ಬಾಗಿಲಲ್ಲೇ ಇದ್ದರು. ಈ ವರ್ಷ ಮುಖ್ಯೋಪಾಧ್ಯಾಯರಾಗಿ ಬಂದ ಧರ್ಮಗುರು ಇವರೇ. ಅವಳ ತಲೆಯ ಮೇಲೂ ಕೈಯಿಟ್ಟು ಹರಸಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದರು.

"ಬ್ಲೂಮಾ ಅವರೇ, ಮಗುವಿನ ತಾಯಿ ನಮ್ಮ ಯೆಹೂದಿಯವರಲ್ವಾ?"

"ಅಲ್ಲ. ಹೋದ ವರ್ಷ ತೀರಿಕೊಂಡಳು."

"ಅಯ್ಯೋ ಪಾಪ. ಆದ್ರೆ ತಾಯಿ ನಮ್ಮವಳಾದ್ರೆ ತಾನೇ ಮಗು ನಮ್ಮದು? ನಿಮಗೆ ನಾನು ಹೇಳ್ಬೇಕಾ?"

"ಬೇಡ. ಇಷ್ಟು ವರ್ಷ ಮಕ್ಕಳಿಗೆ ನಾನೇ ಹೇಳ್ಕೊಟ್ಟಿದ್ದೀನಿ."

ಕೆಟ್ಟ ಮನುಷ್ಯನಲ್ಲ, ಎಜ್ರಾ. ದಾರಿಯನ್ನೂ ಅವರೇ ಹೇಳಿದರು. ಮೂವರು ರಬ್ಬಿಗಳ ಸಮ್ಮುಖದಲ್ಲಿ ಮಗು ಧರ್ಮಸ್ನಾನದ ಕೊಳದಲ್ಲಿ ಮುಳುಗಿ ಎದ್ದರೆ ನಮ್ಮವಳಾಗುತ್ತಾಳೆ, ಒಂದನೇ ತರಗತಿಗೆ ಸೇರಿಸಿಕೊಳ್ಳಬಹುದು. ಇಲ್ಲವಾದರೆ ಜೂನಿಗೆ ಅವಳಿಗೆ ಈ ಶಾಲೆ ಮುಗಿಯಿತು. ತಂದೆ ಬಂದು ಒಪ್ಪಿಗೆ ಕೊಡಬೇಕಂತೆ. ನನಗೆ ಕೋಪ ಬಂತು, ಆಮೇಲೆ ಅಳು ಬಂತು, ಆಮೇಲೆ ತರಗತಿಗೆ ಹೋಗಿ ಮಕ್ಕಳಿಗೆಲ್ಲ ಹಿಮದ ಬೂಟು ತೊಡಿಸಿದೆ. ಬಾಗಿಲ ಹೊರಗೆ ನೊಎಮಿ ನನ್ನ ಕೋಟು ಹಿಡಿದುಕೊಂಡು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ.

ಮೊನ್ನೆ ಸೋಮವಾರ ರಬ್ಬಿ ಅವಳನ್ನೂ ಕರೆದು ಮಾತಾಡಿಸಿದರು. ರೊಟ್ಟಿ ತಿನ್ನುವ ಮೊದಲು ಯಾವ ಪ್ರಾರ್ಥನೆ, ಸೇಬಿಗೆ ಯಾವುದು ಅಂತ ಕೇಳಿದರು. ಎಲ್ಲವನ್ನೂ ತಪ್ಪಿಲ್ಲದೆ ಹೇಳಿದಳು. "ಜಾಣೆ," ಅಂತ ಮಿಠಾಯಿ ಕೊಟ್ಟರು.

ಅವಳು ಆ ನೀರಿಗೆ ಇಳಿಯಲಿ ಅಂತಲೇ ನನ್ನಾಸೆ. ಅವಳ ಗೆಳತಿಯರೆಲ್ಲ ಇಲ್ಲೇ ಇದ್ದಾರೆ, ನಾನೂ ಇಲ್ಲೇ ಇದ್ದೇನೆ. ಆದರೂ ಆಸೆ ಅನ್ನುವ ಪದವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಮುಂದಿನ ತಿಂಗಳು ಪಸ್ಕಹಬ್ಬಕ್ಕೆ ರಜೆ ಹಾಕಿ ಬಾ.

ಪೂರಿಮ್ ಹಬ್ಬದ ಮೂರು ಮೂಲೆಯ ಗಸಗಸೆ ತಿಂಡಿಯನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಬಾಯಿ ಬಿಟ್ಟುಕೊಂಡಿರುವವು ನಿನ್ನ ಮಗಳು ಮಡಚಿದವು. ಅವನ್ನೇ ಮೊದಲು ತಿನ್ನು. ಶುಕ್ರವಾರ ಸಂಜೆ ಹರಸಲು ನಿನ್ನ ತಲೆ ಇಲ್ಲಿಲ್ಲ, ಹಾಗಾಗಿ ನಿನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಹರಸುತ್ತೇನೆ. ದೇವರು ನಿನ್ನನ್ನು ಕಾಪಾಡಲಿ.

ಇಂತಿ ನಿನ್ನ ಅಮ್ಮ,
ಬ್ಲೂಮಾ

ತಾ.ಕ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಮಿಠಾಯಿ ಕೊಟ್ಟ ಮೇಲೆ ರಬ್ಬಿ, "ಅಮ್ಮ ನೆನಪಾಗ್ತಾರಾ ಪುಟ್ಟಿ?" ಅಂತ ಅಕ್ಕರೆಯಿಂದಲೇ ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. "ನಂಗೆ ಅಮ್ಮ ಇರ್ಲೇ ಇಲ್ಲ. ಆ ದೀಪ ಯಾರದ್ದೋ. ಈಗ ಒಂದನೇ ಕ್ಲಾಸಿಗೆ ಸೇರಿಸ್ಕೋತೀರಾ?" ಅಂದಳು. ರಬ್ಬಿ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು. ಮನೆಗೆ ಬಂದ ಮೇಲೆ, ಯಾಕಮ್ಮಾ ಹಾಗಂದೆ ಅಂತ ಕೇಳಿದೆ. "ಅಪ್ಪನೂ ಅಮ್ಮನ ಹೆಸರು ಹೇಳಲ್ವಲ್ಲ," ಅಂದಳು. ಆ ದೀಪ ನನಗೆ ಅಡುಗೆಮನೆಯ ಕಸದ ಡಬ್ಬಿಯಲ್ಲಿ ಸಿಕ್ಕಿತು. ತೊಳೆದಿಟ್ಟಿದ್ದೇನೆ. ಅವಳು ರಬ್ಬಿಗಳ ಮುಂದೆ ನಿಲ್ಲುವ ಮೊದಲು ನೀನು ಬಂದು ಅವಳ ಪಕ್ಕ ಕೂತು ಅದನ್ನು ಹಚ್ಚು, ಎಜ್ರಾ. ಅದು ಯಾರದ್ದು ಅಂತ ಹೇಳು.