ಗೇರ್‌ಬಾಕ್ಸಿನೊಳಗಿನ ಭಂಡಾರ

ಅಥಣಿ ರಸ್ತೆ, ವಿಜಯಪುರ
ಸೋಮವಾರ, ತಾ. 9-9-2024

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಬಬಲೇಶ್ವರದ ನೀರು ಒಗ್ಗಿತೇ? ಕಸ್ತೂರಿ ಅಕ್ಕನ ಕೂಸು ಯಾರ ಹಾಗೆ ಇದೆ? ಬಾಣಂತನ ಮುಗಿಯುವ ತನಕ ಅಲ್ಲೇ ಇರು, ನನ್ನ ಊಟದ ಚಿಂತೆ ಬೇಡ. ಖಾನಾವಳಿಯವರು ರೊಟ್ಟಿ ನಿನ್ನಷ್ಟು ತೆಳ್ಳಗೆ ಬಡಿಯುವುದಿಲ್ಲ, ಅಷ್ಟೇ. ಅಕ್ಕಾ, ಇದನ್ನು ಅವ್ವಗೆ ಓದಿ ಹೇಳುವಾಗ ನಡುವೆ ನಗಬೇಡ, ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹಚ್ಚಿದೆ. ಎರಡು ಸಲವೂ ಊಟ ಆತೇನು ಎಂದು ಕೇಳಿ ಇಟ್ಟುಬಿಟ್ಟೆ.

ತಿಕೋಟಾದ ಮಾಲೀಕರೊಬ್ಬರು ನಮ್ಮ ಗ್ಯಾರೇಜಿಗೆ ಕಲ್ಲು ಹೇರುವ ಹಳೆಯ ಡೀಸೆಲ್ ಲಾರಿ ತಂದಿದ್ದರು. ಅದರಲ್ಲಿ ಕ್ಲಚ್ ತುಳಿಯುವ ಕೆಲಸವಿಲ್ಲ, ಗೇರು ತಾನೇ ಬೀಳುತ್ತದೆ. ಹೆಚ್ಚು ಭಾರ ತಡೆಯುವ ಹಾಗೆ ಗೇರ್‌ಬಾಕ್ಸ್ ಗಟ್ಟಿ ಮಾಡಿಕೊಡಿ ಎಂದರು. ಹುಸೇನಸಾಬ ಉಸ್ತಾದರು ಒಳಗೆ ಗೇರು ಹಿಡಿಯುವ ಐದು ಪ್ಲೇಟಿನ ಜಾಗದಲ್ಲಿ ಏಳು ಕೂರಿಸಿದರು, ಎಣ್ಣೆ ತಣ್ಣಗಿಡುವ ದೊಡ್ಡ ಕೂಲರ್ ಹಾಕಿದರು. ಪ್ಲೇಟುಗಳನ್ನು ನಾನೇ ಒಂದು ದಿನವಿಡೀ ಎಣ್ಣೆಯಲ್ಲಿ ನೆನೆಸಿದ್ದೆ. ಆ ಪೆಟ್ಟಿಗೆಯೊಳಗೆ ಹುಳ ಕೊರೆದ ಹಲಗೆಯಂತೆ ಸಣ್ಣ ಸಣ್ಣ ಎಣ್ಣೆ ಹಾದಿಗಳಿವೆ. ಅವನ್ನು ಬಟ್ಟೆಯಿಂದ ಒರೆಸುವ ಹಾಗೂ ಇಲ್ಲ, ಗಾಳಿ ಊದಿಯೇ ಸ್ವಚ್ಛ ಮಾಡಬೇಕು. "ಒಂದು ಎಳಿ ದಾರ ಒಳಗ ಹೋದ್ರ ಗಾಡಿ ನಿಂತಂಗ, ಬೇಟಾ" ಎಂದು ಉಸ್ತಾದರು ದಿನಾ ಹೇಳುತ್ತಿದ್ದರು. ಕೊನೆಗೆ, "ಮಾಳು, ಈ ಸಲ ನೀನ ಮುಚ್ಚು" ಎಂದು ನಮಾಜಿಗೆ ಹೋದರು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಅವ್ವಾ, ಆಗ ನೀನು ಕೊಟ್ಟ ಅಮೋಘಸಿದ್ಧನ ಭಂಡಾರದ ಅರಿಷಿಣ ಪುಡಿಕೆ ಜೇಬಿನಲ್ಲಿತ್ತು. ಹೊಸ ಕೆಲಸಕ್ಕ ಹಚ್ಚು ಅಂದಿದ್ದಿ. ಹೊರಗೆ ಹಚ್ಚಿದರೆ ಮೊದಲ ಸಲ ಗಾಡಿ ತೊಳೆದಾಗಲೇ ಹೋಗುತ್ತದೆ, ಒಳಗಿದ್ದರೆ ದೇವರು ಒಳಗೇ ಇರುತ್ತಾನೆ ಅನಿಸಿತು. ಒಂದು ಚಿಟಿಕೆ ಸಾಲದೆಂದು ಪುಡಿಕೆಯನ್ನೇ ಬರಿದು ಮಾಡಿ, ಮುಚ್ಚಿ ಬೋಲ್ಟ್ ಬಿಗಿದೆ.

ಮೂರನೇ ದಿನ ತೊರವಿ ಹತ್ತಿರದ ಏರಿನಲ್ಲಿ ತುಂಬಿದ ಲಾರಿ ಗೇರು ಹಿಡಿಯದೆ ಹಿಂದಕ್ಕೆ ಉರುಳಿ ರಸ್ತೆ ಪಕ್ಕದ ಮಣ್ಣಿಗೆ ಬಡಿದು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಪ್ಲೇಟುಗಳೆಲ್ಲ ಸುಟ್ಟಿದ್ದವು, ಎಣ್ಣೆ ಸೋಸುವ ಜಾಲರಿಯಲ್ಲಿ ಹಳದಿ ಗಸಿ ಕೂತಿತ್ತು. ಉಸ್ತಾದರು ಬೆರಳಲ್ಲಿ ತಿಕ್ಕಿ ನೋಡಿ, "ಎಣ್ಣ್ಯಾಗ ಬೆರಕಿ ಐತಿ" ಅಂದರು. ನಾನು ಆ ಗಸಿಯನ್ನು ಬಾಟಲಿಗೆ ತುಂಬಿದೆ.

ಎಣ್ಣೆ ತಂದದ್ದು ಸ್ಟೇಷನ್ ರಸ್ತೆಯ ಯಲಗೂರಪ್ಪ ಕಾಕಾನ ಅಂಗಡಿಯಿಂದ. ಉಸ್ತಾದರದೂ ಅವನದೂ ದೋಸ್ತಿ ನಿನಗೆ ಗೊತ್ತೇ ಇದೆ. ದಿನಾ ಒಂದೇ ಚಹಾ, ಕಪ್ಪಿನಲ್ಲಿ ಒಬ್ಬರಿಗೆ, ಕಪ್ಪಿನ ಕೆಳಗಿನ ಬಸಿಯಲ್ಲಿ ಸುರಿದು ಇನ್ನೊಬ್ಬರಿಗೆ. ಉಸ್ತಾದರಿಗೆ ಬರುವ ಕನ್ನಡ ಕಾಗದಗಳನ್ನು ಓದಿ ಹೇಳುವವನೂ ಕಾಕಾನೇ. ಅವತ್ತು ಆ ಅಂಗಡಿಗೆ ಹೋಗಿ ಉಸ್ತಾದರು, "ಮೂವತ್ತು ವರ್ಷ ನಿನ್ನ ಡಬ್ಬಿ ಮೂಸಿ ನೋಡದ ತಗೊಂಡೇನಿ, ಯಲಗೂರಾ" ಅಂದರು. ಕಾಕಾ, "ಇನ್ನ ಮ್ಯಾಲ ಮೂಸೇ ತಗೋ, ಹುಸೇನ್ಯಾ. ಆದ್ರ ನನ್ನ ಅಂಗಡ್ಯಾಗ ಅಲ್ಲ" ಅಂದ. ಗಸಿ ತುಂಬಿದ ಬಾಟಲಿ ಹಿಡಿದು ನಡುವೆ ನಿಂತವನು ನಾನೇ. ಭಂಡಾರದ ವಾಸನೆ ನನ್ನ ಮೂಗಿಗೆ ಬರುತ್ತಿತ್ತು, ಬಾಯಿ ಮಾತ್ರ ಬರಲಿಲ್ಲ.

ಇದಾಗಿ ಮೂರು ವಾರ. ಉಸ್ತಾದರು ಚಹಾ ಬಿಟ್ಟಿದ್ದಾರೆ. ಬಂದ ಕಾಗದಗಳನ್ನು ಒಡೆಯದೆ ಡಬ್ಬಿಯಲ್ಲಿ ಇಡುತ್ತಾರೆ. ನಾನು ಓದಲೇ ಎಂದರೆ, "ಬ್ಯಾಡ ಬಿಡು" ಎನ್ನುತ್ತಾರೆ. ಬೇರೆ ಹುಡುಗರ ಮುಂದೆ ನನ್ನನ್ನು ತೋರಿಸಿ, "ಕೈ ಸ್ವಚ್ಛ ಅಂದ್ರ ಇವನ ಕೈ" ಅನ್ನುತ್ತಾರೆ. ಅದನ್ನು ಕೇಳಿದಾಗ ನೆಲ ಬಿರಿದು ನುಂಗಬಾರದೇ ಅನಿಸುತ್ತದೆ. ತಪ್ಪು ನಿನ್ನದಲ್ಲ ಅವ್ವಾ, ದೇವರದ್ದೂ ಅಲ್ಲ.

ಮಾವಗೆ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುದ್ದು.

ನಿನ್ನ ಮಗ,
ಮಾಳು

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಉಸ್ತಾದರು ಬರುವ ಹೊತ್ತಾಯಿತು. ಲಕೋಟೆ ಅಂಟಿಸದೆ ಅವರ ಕೈಗೇ ಕೊಡುತ್ತೇನೆ. "ಓದಿಸಿ ಆಮ್ಯಾಲ ಟಪಾಲಿಗೆ ಹಾಕ್ರಿ" ಎಂದಷ್ಟೇ ಹೇಳುತ್ತೇನೆ. ಅವರು ಕಲಿತದ್ದು ಉರ್ದು ಸಾಲಿ, ಓದಿಸಲು ಅವರಿಗೆ ಗೊತ್ತಿರುವುದು ಒಂದೇ ಅಂಗಡಿ. ಅದಕ್ಕೇ ಅಕ್ಷರ ಇಷ್ಟು ದಪ್ಪ. ಕಾಕಾಗೆ ಚಷ್ಮಾ ಹಾಕಿದರೂ ಸರಿಯಾಗಿ ಕಾಣುವುದಿಲ್ಲ. ಈ ಕಾಗದದ ಮೇಲೆ ಚಹಾ ಬಸಿಯ ಗುರುತು ಇದೆಯೇ ನೋಡಿ, ಅಕ್ಕನ ಕೈಲಿ ಫೋನು ಹಚ್ಚಿಸು. ಇಲ್ಲದಿದ್ದರೆ ನಾನೇ ಸ್ಟೇಷನ್ ರಸ್ತೆಗೆ ಹೋಗಿ ಬಾಯಿ ಬಿಡುತ್ತೇನೆ. ನನಗಾಗಿ ಬೇಡಿಕೋ. ಭಂಡಾರ ಮಾತ್ರ ಕಳಿಸಬೇಡ.