ಕಾವಲುಗಾರನ ವಿಶಲ್

ತಮ್ಮಾ,

ನಿನ್ನ ಭಾವನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಉಸಿರು ಕಟ್ಟುತ್ತದೆ ಅಂತ ಭಾವ ಅಂದರು. ಕೈಹಿಡಿದು ಪೇಟೆಯ ನೂಕುನುಗ್ಗಲು ದಾಟಿಸಿ ಪಾರ್ಕಿಗೆ ಕರೆತಂದೆ. ಬೆಂಚಿನ ಮೇಲೆ ಕೂರಿಸಿ ನೀರು ತರಲು ಹೋದೆ. ಅಷ್ಟರಲ್ಲಿ ಹುಲ್ಲು ತುಳಿದ ಯಾರಿಗೋ ಕಾವಲುಗಾರ ಎರಡು ಸಲ ವಿಶಲ್ ಊದಿದ. ತೂಕಡಿಸುತ್ತಿದ್ದ ನಿನ್ನ ಭಾವ, ನಮ್ಮ ಬಸ್ ಡ್ರೈವರ್ ಸಾಹೇಬರು, ಕಂಡಕ್ಟರ್ ‘ರೈಟ್’ ಕೊಟ್ಟನೆಂದು ಎದ್ದು ಹೊರಟೇಬಿಟ್ಟರು! ತಿರುಗಿ ನೋಡಿದರೆ ಗೇಟು ದಾಟಿ ರಸ್ತೆಯ ಅಂಚಿನಲ್ಲಿದ್ದಾರೆ. ಗಾಡಿಗಳ ಸದ್ದಿನಲ್ಲಿ ನನ್ನ ಕೂಗು ಕೇಳಲಿಲ್ಲ. ಕಾವಲುಗಾರನ ಹತ್ತಿರ ಓಡಿದೆ.

“ಒಂದೇ ಸಲ ಊದಪ್ಪಾ, ಬೇಗ!” ಅಂದೆ. ಊದಿದ. ಒಂದು ವಿಶಲ್ ಅಂದರೆ ಸ್ಟಾಪ್ ತಾನೇ, ಬ್ರೇಕ್ ಹಾಕಿದ ಹಾಗೆ ನಿಂತರು.

“ಯಾವ ಸ್ಟಾಪೇ ಇದು?” ಅಂತ ನನ್ನನ್ನೇ ಕೇಳುತ್ತಾರೆ.

ಪಟ್ಟಿ ಸೋಮವಾರ ಬಿಚ್ಚುತ್ತಾರಂತೆ. ಎಡಗೈಯಲ್ಲಿ ಅವರ ತೋಳು ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಅಯ್ಯೋ, ಕಾವಲುಗಾರ ಮತ್ತೆ ವಿಶಲ್ ಬಾಯಿಗಿಟ್ಟ, ನಿಲ್ಲಿಸುತ್ತೇನೆ.

ನಿನ್ನ ಅಕ್ಕ